ಬರ್ಕಿಟ್ ಗಡ್ಡೆಯ ಚರಿತ್ರೆ

ಮೊದಲು ರೋಗದ ಕಾರಣ, ಬಳಿಕ ಅದಕ್ಕೆ ಮದ್ದು; ಇದೇ ವೈದ್ಯಶಾಸ್ತ್ರದ ಕ್ರಮವೆಂದು ನಾವು ಮಕ್ಕಳಿಗೆ ಪಾಠ ಹೇಳುವುದುಂಟು. ಆಫ್ರಿಕ ಖಂಡದ ಯುಗಾಂಡದಲ್ಲಿ ಈ ಕ್ರಮ ತಲೆಕೆಳಗಾಯಿತು.

1957ರಲ್ಲಿ ಕಂಪಾಲ ನಗರದ ಮುಲಾಗೊ ಆಸ್ಪತ್ರೆಯ ಶಸ್ತ್ರವೈದ್ಯ ಡೆನಿಸ್ ಬರ್ಕಿಟರು ದವಡೆಗಳೆಲ್ಲ ಊದಿಕೊಂಡ ಬಾಲಕನೊಬ್ಬನನ್ನು ಕಂಡರು. ಸ್ವಲ್ಪ ಕಾಲದಲ್ಲೇ ಜಿಂಜ ಎಂಬ ಊರಿನಲ್ಲಿ ಅಂಥದೇ ಇನ್ನೊಂದು ಮಗು ಕಣ್ಣಿಗೆ ಬಿದ್ದಿತು. ಬಾಲ್ಯದಲ್ಲೇ ಒಂದು ಕಣ್ಣನ್ನು ಕಳೆದುಕೊಂಡಿದ್ದ ಈ ವೈದ್ಯರ ನೋಟ ಮಾತ್ರ ಬಲು ಸೂಕ್ಷ್ಮ! 1961ರಲ್ಲಿ ಅವರು ಇಬ್ಬರು ಮಿತ್ರರೊಡನೆ ಹಳೆಯ ಮೋಟಾರಿನಲ್ಲಿ ಸುಮಾರು 10,000 ಮೈಲು ಸಂಚರಿಸಿ, ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ವಿಚಾರಿಸಿದರು. ಬೆಚ್ಚಗೆ ತೇವವಾಗಿರುವ ತಗ್ಗುನಾಡಿನಲ್ಲಿ ಈ ಕ್ಯಾನ್ಸರ್ ಹೆಚ್ಚು. ಎತ್ತರದ ತಂಪುನಾಡಿನಲ್ಲಿ ಅಪರೂಪ. ಮಲೇರಿಯ ಹಬ್ಬುವ ಸೀಮೆಯೂ ಅದೇ.

ಆಗ ಕಂಪಾಲದಲ್ಲಿ ವಿಕಿರಣ ಚಿಕಿತ್ಸೆಗೆ ಸೌಕರ್ಯವಿರಲಿಲ್ಲ. ಶಸ್ತ್ರಕ್ಕೂ ರೋಗ ಬಗ್ಗಲಿಲ್ಲ. ಮೆಥೊಟ್ರೆಕ್ಸೇಟ್, ಸೈಕ್ಲೋಫಾಸ್ಫಮೈಡ್ ಎಂಬ ಔಷಧಗಳನ್ನು ಕೊಟ್ಟಾಗ ಗಡ್ಡೆ ಕೆಲವೇ ದಿನಗಳಲ್ಲಿ ಕರಗತೊಡಗಿತು. ಒಂದೆರಡು ಸಲ ಮಾತ್ರ ಔಷಧ ಪಡೆದ ಕೆಲವು ಮಕ್ಕಳು ವರ್ಷಗಟ್ಟಲೆ ನಿರೋಗಿಗಳಾಗಿ ಉಳಿದರು. ಎಲ್ಲರಿಗೂ ಆ ಭಾಗ್ಯವಿರಲಿಲ್ಲ. ಹಲವರಲ್ಲಿ ರೋಗ ಮರುಕಳಿಸಿತು. ಈ ಗಡ್ಡೆ ಒಂದೆರಡು ದಿನಗಳಲ್ಲಿ ಇಮ್ಮಡಿಯಾಗಬಲ್ಲದು. ಆ ಔಷಧಗಳ ಪೆಟ್ಟು ಹೆಚ್ಚಾಗಿ ಬೀಳುವುದು ಒಡೆದು ಬೆಳೆಯುತ್ತಿರುವ ಜೀವಕೋಶಗಳ ಮೇಲೆಯೇ. ಬೆಳೆಯುವ ವೇಗವೇ ಗಡ್ಡೆಗೆ ಮುಳುವಾಯಿತೆನ್ನಬೇಕು.

ಕಾರಣ ಮಾತ್ರ ಇನ್ನೂ ಕತ್ತಲೆಯಲ್ಲಿತ್ತು. 1961ರ ಮಾರ್ಚಿನಲ್ಲಿ ಲಂಡನಿನಲ್ಲಿ ಬರ್ಕಿಟರ ಉಪನ್ಯಾಸವನ್ನು ಕೇಳಿದ ಆಂಥೊನಿ ಎಪ್‌ಸ್ಟೈನರು ಇದು ವೈರಸ್ಸಿನ ಕೆಲಸವಿರಬಹುದೆಂದು ಊಹಿಸಿ, ಕಂಪಾಲದಿಂದ ಗಡ್ಡೆಯ ತುಣುಕುಗಳನ್ನು ತರಿಸುತ್ತ ಬಂದರು. ಎರಡು ವರ್ಷ ಏನೂ ಕಾಣಲಿಲ್ಲ. 1963ರ ಡಿಸೆಂಬರಿನಲ್ಲಿ ಮಂಜು ಕವಿದು ವಿಮಾನ ಮ್ಯಾಂಚೆಸ್ಟರಿಗೆ ತಿರುಗಿತು. ತಡವಾಗಿ ಕೈಸೇರಿದ ಸೀಸೆಯ ದ್ರವ ಕದಡಿಹೋಗಿತ್ತು. ಕೆಟ್ಟಿತೆಂದು ಚೆಲ್ಲದೆ ಪರೀಕ್ಷಿಸಿದರು. ಬಿಡಿಬಿಡಿಯಾಗಿ ತೇಲುತ್ತಿದ್ದವು ಗಡ್ಡೆಯ ಜೀವಂತ ಕೋಶಗಳೇ! ಅವನ್ನು ಬೆಳೆಸಿ, 1964ರಲ್ಲಿ ಎಪ್‌ಸ್ಟೈನ್, ಅಚಾಂಗ್, ಬಾರ್ ಮೂವರೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡ ವೈರಸ್ಸನ್ನು ಪ್ರಕಟಿಸಿದರು. ಅದಕ್ಕೆ ಎಪ್‌ಸ್ಟೈನ್-ಬಾರ್ ಎಂಬ ಹೆಸರು ನಿಂತಿತು.

ಹೀಗೆ ಇಲ್ಲಿ ಮದ್ದು ವೈರಸ್ಸನ್ನು ಕಾಯಲಿಲ್ಲ. ವೈರಸ್ಸಿನ ಇರವೇ ಚಿಕಿತ್ಸೆಯ ಫಲವನ್ನು ಮುಂಗಾಣಿಸಬಲ್ಲುದೆಂಬುದು ಬೇರೊಂದು ರೋಗದಲ್ಲಿ, ಬಹುಕಾಲದ ಮೇಲೆ, ಸ್ಪಷ್ಟವಾಯಿತು. ಗಂಟಲಿನ ಕ್ಯಾನ್ಸರಿನ ಬಗೆಗೆ 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಡ್ಡೆಯಲ್ಲಿ ಪ್ಯಾಪಿಲೋಮ ವೈರಸ್ ಇದ್ದವರಲ್ಲಿ ನೂರಕ್ಕೆ ಸುಮಾರು 82 ಮಂದಿ ಮೂರು ವರ್ಷಗಳ ಬಳಿಕವೂ ಬದುಕಿದ್ದರು. ಇಲ್ಲದವರಲ್ಲಿ 57 ಮಂದಿ. ಹಾಗಾದರೆ ಇಂಥವರಿಗೆ ಉಗ್ರವಾದ ಸಿಸ್‌ಪ್ಲಾಟಿನ್ ಏಕೆ, ವಿಕಿರಣದೊಡನೆ ಸೌಮ್ಯವಾದ ಸೆಟಕ್ಸಿಮ್ಯಾಬ್ ಸಾಲದೆ ಎಂದು ಕೇಳಿದವರುಂಟು. ಕೇಳಿದ್ದು ಸಹಜವೇ. ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2019ರ ಹೊತ್ತಿಗೆ ಅಚ್ಚಾಯಿತು: ಸೆಟಕ್ಸಿಮ್ಯಾಬ್ ಪಡೆದವರಲ್ಲೇ ಹೆಚ್ಚು ಮಂದಿ ತೀರಿಕೊಂಡಿದ್ದರು.