ವಿಂಡೋಸ್‌ಗೆ ಬಂದ ಯುನಿಕ್ಸ್ ಶೆಲ್

ಯುನಿಕ್ಸ್‌ನ ಶೆಲ್ಲನ್ನೂ ಅದರ ಚಿಕ್ಕಪುಟ್ಟ ಕಮಾಂಡ್‌ಗಳನ್ನೂ ಮೈಕ್ರೋಸಾಫ್ಟ್‌ನ ಕಾರ್ಯಾಚರಣ ವ್ಯವಸ್ಥೆಗಳ ಮೇಲೆ ನಡೆಸುವ ಪ್ರಯತ್ನಕ್ಕೆ ಸುಮಾರು ನಲವತ್ತು ವರ್ಷಗಳ ಇತಿಹಾಸವಿದೆ. ಕರ್ನಾಟಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮಟ್ಟಿಗೆ ಈ ಇತಿಹಾಸಕ್ಕೆ ಬೆಳಗಾವಿ–ಖಾನಾಪುರ ರಸ್ತೆಯ ನಂಟಿದೆ. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ‘ಜ್ಞಾನ ಸಂಗಮ’ ಆವರಣ ಈ ರಸ್ತೆಯ ಮಚ್ಛೆಯಲ್ಲಿದೆ. ಊರಿಗೆ ಇನ್ನೂ ಹತ್ತಿರದ ಉದ್ಯಮಬಾಗದಲ್ಲಿರುವ ಗೋಗಟೆ ತಾಂತ್ರಿಕ ಮಹಾವಿದ್ಯಾಲಯ 1979ರಷ್ಟು ಹಳೆಯದು. ವಿಟಿಯು ಬರುವ ಮುನ್ನ ಉತ್ತರ ಕರ್ನಾಟಕದ ಹಲವು ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಬಂದ ಮೇಲೆ ಬೆಳಗಾವಿಯಿಂದ ಹೊರಟ ಪಠ್ಯಕ್ರಮವೇ ರಾಜ್ಯದ ಉದ್ದಗಲಕ್ಕೂ ನಡೆಯಿತು.

ಆ ಪಠ್ಯಕ್ರಮದಲ್ಲಿ ಯುನಿಕ್ಸ್‌ಗೆ ಗಟ್ಟಿ ಸ್ಥಾನವಿತ್ತು. 2006 ಮತ್ತು 2010ರ ಸ್ಕೀಮ್‌ಗಳಲ್ಲಿ ‘ಯುನಿಕ್ಸ್ ಅಂಡ್ ಶೆಲ್ ಪ್ರೋಗ್ರಾಮಿಂಗ್’ ಕಂಪ್ಯೂಟರ್ ಸೈನ್ಸ್‌ನ ನಾಲ್ಕನೇ ಸೆಮಿಸ್ಟರಿನ ವಿಷಯ. 2015ರ ಸ್ಕೀಮ್‌ನಲ್ಲಿ ಅದು ಮೂರನೆಯದಕ್ಕೆ ಸರಿಯಿತು. ಸುಮಿತಾಭ ದಾಸ್ ಅವರ ದಪ್ಪ ಪುಸ್ತಕ ಪಠ್ಯವಾಗಿತ್ತು. ಆದರೆ ಅಂಗಡಿಯಿಂದ ಮನೆಗೆ ಬರುತ್ತಿದ್ದ ಕಂಪ್ಯೂಟರ್‌ನಲ್ಲಿ ಸಾಮಾನ್ಯವಾಗಿ ಇರುತ್ತಿದ್ದುದು ವಿಂಡೋಸ್. ಲ್ಯಾಬಿನಲ್ಲಿ ಕಲಿತದ್ದನ್ನು ಅದರ ಮೇಲೆ ಅಭ್ಯಾಸ ಮಾಡಬೇಕೆಂದರೆ ಯುನಿಕ್ಸನ್ನೇ ಅಲ್ಲಿಗೆ ತರಬೇಕಿತ್ತು.

ಎರಡರ ಹುಟ್ಟೂ ಬೇರೆ, ನಡೆಯೂ ಬೇರೆ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಆರಂಭಿಸಿದ್ದು 1969ರಲ್ಲಿ. ಬೋರ್ನ್ ಶೆಲ್ ಬಂದದ್ದು 1979ರಲ್ಲಿ, ಗ್ನೂ ಯೋಜನೆಯ ಬ್ಯಾಷ್ 1989ರಲ್ಲಿ. 1981ರಲ್ಲಿ ಶುರುವಾದ ಎಂಎಸ್-ಡಾಸ್ ಬೇರೆ ದಾರಿ ಹಿಡಿಯಿತು: ಡ್ರೈವ್‌ಗಳಿಗೆ ಅಕ್ಷರ, ಫೋಲ್ಡರ್‌ಗಳ ನಡುವೆ ಹಿಂದಕ್ಕೆ ವಾಲಿದ ಗೆರೆ, ಸಾಲಿನ ಕೊನೆಗೆ ಒಂದರ ಬದಲು ಎರಡು ಗುಪ್ತ ಅಕ್ಷರ. ಈ ಕೊನೆಯದು ತೀರ ಕ್ಷುಲ್ಲಕವೆನಿಸಿದರೂ ಕೊಟ್ಟ ಕಾಟ ಕಡಿಮೆಯಲ್ಲ. ನೋಟ್‌ಪ್ಯಾಡ್‌ನಲ್ಲಿ ಬರೆದ ಸ್ಕ್ರಿಪ್ಟನ್ನು ಲ್ಯಾಬಿನ ಲಿನಕ್ಸ್‌ಗೆ ಒಯ್ದರೆ, ಮೊದಲ ಸಾಲಿನ ತುದಿಯಲ್ಲಿ ಕಣ್ಣಿಗೆ ಕಾಣದೆ ಕೂತ ಆ ಹೆಚ್ಚುವರಿ ಅಕ್ಷರದಿಂದಾಗಿ ಶೆಲ್ಲೇ ಸಿಗುತ್ತಿಲ್ಲವೆಂಬ ದೂರು ಬರುತ್ತದೆ. ಸ್ಕ್ರಿಪ್ಟನ್ನು ಎಷ್ಟು ಸಲ ಓದಿದರೂ ತಪ್ಪು ಕಾಣುವುದಿಲ್ಲ. ನೋಟ್‌ಪ್ಯಾಡ್ ಯುನಿಕ್ಸ್ ಬಗೆಯ ಸಾಲುಗಳನ್ನು ಒಪ್ಪಿಕೊಂಡದ್ದು 2018ರಲ್ಲಿ.

ಮೊದಮೊದಲು ಬಂದವು ಬಿಡಿ ಕಮಾಂಡ್‌ಗಳು. ಕೆನಡಾದ ಮಾರ್ಟಿಸ್ ಕರ್ನ್ ಸಿಸ್ಟಮ್ಸ್ 1980ರ ದಶಕದಲ್ಲೇ ಡಾಸ್‌ಗಾಗಿ ಎಂಕೆಎಸ್ ಟೂಲ್‌ಕಿಟ್ ಮಾರಿತು. ಅದರಲ್ಲಿ ಕಾರ್ನ್ ಶೆಲ್‌ನ ಮರುರೂಪವೂ ಇತ್ತು. ಮುಂದೆ ಒಂದು ಸಮ್ಮೇಳನದಲ್ಲಿ ಮೈಕ್ರೋಸಾಫ್ಟ್‌ನ ಪ್ರತಿನಿಧಿ ಆ ಶೆಲ್ಲನ್ನು ಹೊಗಳುತ್ತಿದ್ದಾಗ, ಅದು ಅಸಲಿ ಕಾರ್ನ್ ಶೆಲ್‌ಗೆ ಹೊಂದುವುದಿಲ್ಲವೆಂದು ಸಭಿಕರೊಬ್ಬರು ಆಕ್ಷೇಪಿಸಿದರು. ವಾದ ನಡೆಯಿತು. ಆಕ್ಷೇಪಿಸಿದವರು ಆ ಅಸಲಿ ಶೆಲ್ ಬರೆದ ಡೇವಿಡ್ ಕಾರ್ನ್ ಎಂಬುದು ಪ್ರತಿನಿಧಿಗೆ ಆಮೇಲೆ ಗೊತ್ತಾಯಿತು. ಘಟನೆ ನಿಜವೆಂದು ಕಾರ್ನ್ ಅವರೇ ಹೇಳಿದ್ದಾರೆ.

ಹುಡುಕುವ ಗ್ರೆಪ್, ಜೋಡಿಸುವ ಸಾರ್ಟ್‌ಗಳಂಥ ಕಮಾಂಡ್‌ಗಳನ್ನು ಒಂದೊಂದಾಗಿ ವಿಂಡೋಸ್‌ಗೆ ಒಗ್ಗಿಸುವುದು ಅಷ್ಟೇನೂ ಕಷ್ಟವಲ್ಲ. ಕಷ್ಟ ಇರುವುದು ಫೋರ್ಕ್‌ನಲ್ಲಿ. ಓಡುತ್ತಿರುವ ಪ್ರೋಗ್ರಾಂ ತನ್ನ ಪಡಿಯಚ್ಚನ್ನು ತಾನೇ ಹುಟ್ಟಿಸಿಕೊಳ್ಳುವ ಈ ಕ್ರಿಯೆ ಯುನಿಕ್ಸ್ ಶೆಲ್‌ನ ಜೀವಾಳ. ವಿಂಡೋಸ್ ಪ್ರೋಗ್ರಾಂಗಳಿಗೆ ಇಂಥ ಸೌಲಭ್ಯವಿಲ್ಲ. ವಿಟಿಯುವಿನ 2010ರ ಸ್ಕೀಮ್‌ನ ಆರನೇ ಸೆಮಿಸ್ಟರ್ ಲ್ಯಾಬ್‌ನಲ್ಲಿ ಎರಡು ಬಾರಿ ಫೋರ್ಕ್ ಮಾಡಿ ಮುಗಿದ ಮೇಲೂ ವ್ಯವಸ್ಥೆಯ ಪಟ್ಟಿಯಲ್ಲಿ ಉಳಿಯುವ ‘ಜೋಂಬಿ’ ಪ್ರಕ್ರಿಯೆಯನ್ನು ತಪ್ಪಿಸುವ ಪ್ರಯೋಗವೇ ಒಂದಿತ್ತು. ಬಿಡಿ ಕಮಾಂಡ್‌ಗಳ ಗಂಟು ಅಲ್ಲಿ ಕೆಲಸಕ್ಕೆ ಬಾರದು.

ಈ ಕೊರತೆಯನ್ನು ತುಂಬಿದ್ದು ಸಿಗ್ವಿನ್. ಸಿಗ್ನಸ್ ಸೊಲ್ಯೂಷನ್ಸ್‌ನ ಸ್ಟೀವ್ ಚೇಂಬರ್ಲೇನ್ 1995ರಲ್ಲಿ ಅದನ್ನು ಆರಂಭಿಸಿದರು. ಒಂದೊಂದೇ ಕಮಾಂಡ್ ತಿದ್ದುವ ಬದಲು, ಯುನಿಕ್ಸ್‌ನಂತೆ ಉತ್ತರಿಸುವ ಒಂದು ಲೈಬ್ರರಿಯನ್ನೇ ವಿಂಡೋಸ್‌ನೊಳಗೆ ಇಡುವುದು ಅದರ ಉಪಾಯ. ಫೋರ್ಕ್ ಬೇಕಾದಾಗ ಅದು ಹೊಸ ವಿಂಡೋಸ್ ಪ್ರಕ್ರಿಯೆಯನ್ನು ತಡೆಹಿಡಿದ ಸ್ಥಿತಿಯಲ್ಲಿ ಹುಟ್ಟಿಸಿ, ತಾಯಿಯ ಮೆಮೊರಿಯನ್ನು ಅದಕ್ಕೆ ನಕಲು ಮಾಡುತ್ತದೆ. ಕೆಲಸ ಆಗುತ್ತದೆ, ನಿಧಾನವಾಗಿ. ಸಾವಿರಾರು ಸಣ್ಣ ಕಮಾಂಡ್‌ಗಳನ್ನು ಕರೆಯುವ ಸ್ಕ್ರಿಪ್ಟ್‌ಗಳಲ್ಲಿ ಈ ನಿಧಾನ ಎದ್ದು ಕಾಣುತ್ತದೆ.

ಕನ್ನಡಕ್ಕೆ ಸಿಗ್ವಿನ್ ತಡವಾಗಿ ಒಲಿಯಿತು. ಹಳೆಯ ಆವೃತ್ತಿಗಳು ವಿಂಡೋಸ್‌ನ ಕೋಡ್ ಪೇಜ್‌ಗಳನ್ನು ನೆಚ್ಚಿಕೊಂಡಿದ್ದವು; ಕನ್ನಡಕ್ಕೆ ಅಂಥ ಕೋಡ್ ಪೇಜ್ ಇರಲಿಲ್ಲ. 2009ರ ಡಿಸೆಂಬರ್‌ನಲ್ಲಿ ಬಂದ 1.7ನೇ ಆವೃತ್ತಿ ಯುಟಿಎಫ್-8 ಅಳವಡಿಸಿಕೊಂಡಿತು. ‘ಬೆಳಗಾವಿ’ ಎಂಬ ಕಡತದ ಹೆಸರಿನಲ್ಲಿ ಸ್ವರಚಿಹ್ನೆಗಳೂ ಸೇರಿ ಏಳು ಯುನಿಕೋಡ್ ಸಂಕೇತಗಳು. ವಿಂಡೋಸ್ ಒಂದೊಂದಕ್ಕೆ ಎರಡು ಬೈಟ್‌ನಂತೆ 14 ಬೈಟ್‌ಗಳಲ್ಲಿ ಇಟ್ಟದ್ದನ್ನು ಸಿಗ್ವಿನ್ ಮೂರರಂತೆ 21 ಬೈಟ್‌ಗಳಾಗಿ ಪರಿವರ್ತಿಸಿ ಬ್ಯಾಷ್‌ನ ಕೈಗಿಡುತ್ತದೆ.

ಮೈಕ್ರೋಸಾಫ್ಟ್ ಕೂಡ ಸುಮ್ಮನಿರಲಿಲ್ಲ. ವಿಂಡೋಸ್ ಮೇಲೆ ಯುನಿಕ್ಸ್ ಪರಿಸರ ಕೊಡುವ ಇಂಟೆರಿಕ್ಸನ್ನು ತಯಾರಿಸಿದ ಸಾಫ್ಟ್‌ವೇ ಸಿಸ್ಟಮ್ಸನ್ನು 1999ರಲ್ಲಿ ಕೊಂಡುಕೊಂಡಿತು. ಕಂಪನಿಯೊಳಗೆ ಜೆಫ್ರಿ ಸ್ನೋವರ್ ಯುನಿಕ್ಸ್ ಕಮಾಂಡ್‌ಗಳನ್ನು ತಂದು ನೋಡಿ, ಅವು ವಿಂಡೋಸ್ ಆಡಳಿತಕ್ಕೆ ಒಗ್ಗವು ಎಂಬ ತೀರ್ಮಾನಕ್ಕೆ ಬಂದರು: ಯುನಿಕ್ಸ್‌ನ ಸೆಟ್ಟಿಂಗ್‌ಗಳು ಪಠ್ಯ ಕಡತಗಳಲ್ಲಿರುತ್ತವೆ, ವಿಂಡೋಸ್‌ನವು ರಿಜಿಸ್ಟ್ರಿ ಮತ್ತು ಎಪಿಐಗಳ ಹಿಂದೆ. ಹಾಗೆ ಹುಟ್ಟಿದ್ದು 2006ರ ಪವರ್‌ಶೆಲ್. ಅದರಲ್ಲಿ ಎಲ್‌ಎಸ್, ಕ್ಯಾಟ್‌ಗಳು ಹೆಸರಿಗೆ ಮಾತ್ರ ಯುನಿಕ್ಸ್‌ನವು.

2016ರ ಮಾರ್ಚ್‌ನಲ್ಲಿ ಉಬುಂಟುವಿನ ಬ್ಯಾಷ್ ವಿಂಡೋಸ್ 10ಕ್ಕೆ ಬರುವುದೆಂದು ಮೈಕ್ರೋಸಾಫ್ಟ್ ಘೋಷಿಸಿತು. ವಿಂಡೋಸ್ ಸಬ್‌ಸಿಸ್ಟಮ್ ಫಾರ್ ಲಿನಕ್ಸ್‌ನ ಈ ಮೊದಲ ರೂಪ ಲಿನಕ್ಸ್‌ನ ಸಿಸ್ಟಮ್ ಕಾಲ್‌ಗಳನ್ನು ವಿಂಡೋಸ್‌ನೊಳಗೇ ನಿಭಾಯಿಸುತ್ತಿತ್ತು. 2019ರಲ್ಲಿ ಪ್ರಕಟವಾದ ಎರಡನೆಯದು ಆ ಗೊಡವೆಯನ್ನೇ ಬಿಟ್ಟು, ಹಗುರ ವರ್ಚುವಲ್ ಯಂತ್ರದಲ್ಲಿ ನಿಜವಾದ ಲಿನಕ್ಸ್ ಕರ್ನೆಲ್ ಓಡಿಸಿತು. ಕಮಾಂಡ್‌ಗಳಿಂದ ಶುರುವಾದ ಸಾಗಣೆ, ನಡುವೆ ಲೈಬ್ರರಿಯನ್ನು ಹೊತ್ತು, ಕೊನೆಗೆ ಕರ್ನೆಲನ್ನೇ ತಂದಿತು. ಫೋರ್ಕ್‌ನ ತೊಂದರೆ ಅಲ್ಲಿಗೆ ಮುಗಿಯಿತು. ಲಿನಕ್ಸ್‌ನಿಂದ ವಿಂಡೋಸ್‌ನ ಸಿ ಡ್ರೈವ್‌ಗೆ ಕೈಹಾಕಿದಾಗ ಮಾತ್ರ ವೇಗ ಈಗಲೂ ಕುಸಿಯುತ್ತದೆ, ಹೀಗಾಗಿ ಕೆಲಸದ ಕಡತಗಳನ್ನು ಲಿನಕ್ಸ್‌ನ ಬದಿಯಲ್ಲೇ ಇಟ್ಟುಕೊಳ್ಳುವಂತೆ ಮೈಕ್ರೋಸಾಫ್ಟ್ ಸಲಹೆ ಕೊಡುತ್ತದೆ.