ಹತ್ತಿಯ ಬಂಡಿ, ಕಾಳಿನ ಗಡಿಗೆ

ರೋಣ, ನರಗುಂದ, ಗಜೇಂದ್ರಗಡಗಳ ಮಾತು ಬಂದೊಡನೆ ಚರಿತ್ರಕಾರನ ಲೇಖನಿಯು ಕೋಟೆಗಳತ್ತ ತಿರುಗುವುದು ಸಹಜ. ಮರಾಠರಿಗೂ ಟಿಪ್ಪುಸುಲ್ತಾನನಿಗೂ 1787ರಲ್ಲಿ ಆದ ಕೌಲು ಗಜೇಂದ್ರಗಡದ ಹೆಸರನ್ನೇ ಹೊತ್ತಿದೆ. 1858ರಲ್ಲಿ ನರಗುಂದದ ಬಾಬಾಸಾಹೇಬನು ಆಂಗ್ಲರ ವಿರುದ್ಧ ಬಂಡೆದ್ದುದನ್ನು ಬಾಲಕರೂ ಬಲ್ಲರು. ಆದರೆ ಆ ಕೋಟೆಗಳ ಕೆಳಗಣ ಎರೆಭೂಮಿಯಲ್ಲಿ ಒಲೆ ಹೊತ್ತಿಸಿ ಬಾಳಿದವರ ಚರಿತ್ರೆಯನ್ನು ಅರಸುವವನು, ಸಮುದ್ರದಿಂದ ಇಷ್ಟು ದೂರದ ಈ ಸೀಮೆಯಲ್ಲಿ ಕಡಲಮೀನು ಕಾಳಿನ ಗಡಿಗೆಯೊಳಕ್ಕೆ ಹೇಗೆ ಬಂದಿತೆಂಬುದನ್ನು ವಿಚಾರಿಸದೆ ಮುಂದೆ ಸಾಗಲಾರನು.

ಮೀನೂ ಕಾಳೂ ಈ ನಾಡಿಗೆ ಹೊಸವಲ್ಲ. ರೋಣದ ನೆರೆಯ ಸೂಡಿಯಲ್ಲಿ ಗುಡಿಗಳನ್ನೆತ್ತಿಸಿದ ಕಲ್ಯಾಣ ಚಾಲುಕ್ಯರ ವಂಶದಲ್ಲಿಯೇ ಹುಟ್ಟಿದ ಮೂರನೆಯ ಸೋಮೇಶ್ವರನು, ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ, ಹಲವು ದ್ವಿದಳಧಾನ್ಯಗಳನ್ನು ಕೂಡಿಸಿ ಇಂಗು, ಅರಿಸಿನ, ಉಪ್ಪುಗಳೊಡನೆ ಬೇಯಿಸುವ ವಿದಲಪಾಕವನ್ನೂ, ಮೀನಿನ ತುಂಡುಗಳನ್ನು ತೊಳೆದು ಹುಣಿಸೆಯ ರಸದಲ್ಲಿ ಬೇಯಿಸುವ ಕ್ರಮವನ್ನೂ ವಿವರಿಸಿದ್ದಾನೆ. ಅರಸನ ಪಾಕಶಾಲೆಯಲ್ಲಿ ಪಾತ್ರೆಗಳಿಗೂ ಸೌದೆಗೂ ಕೊರತೆಯಿರಲಿಲ್ಲವಾದುದರಿಂದ ಅವೆರಡೂ ಬೇರೆಬೇರೆಯಾಗಿಯೇ ಬೆಂದವು.

ಎರೆಯ ಬಯಲಿನಲ್ಲಿ ಸಂಗತಿ ಬೇರೆ. ಇಲ್ಲಿ ಅರಣ್ಯವಿಲ್ಲ, ಉರಿಸುತ್ತಿದ್ದುದು ಹತ್ತಿಯ ಕಟ್ಟಿಗೆಯನ್ನು, ಇಲ್ಲವೇ ಕುಳ್ಳನ್ನು. ಎರಡು ಗಡಿಗೆಗಳನ್ನು ಕುದಿಸುವಷ್ಟು ಉರುವಲು ಬಡವರ ಮನೆಯಲ್ಲಿ ಎಲ್ಲಿಂದ ಬರಬೇಕು? ಮೀನನ್ನೂ ಕಾಳನ್ನೂ ಕೂಡಿಸಿದ ಒಂದೇ ಗಡಿಗೆಯ ಅಡುಗೆಯು ಈ ಅಭಾವದಿಂದ ಹುಟ್ಟಿದುದೆಂದು ನನ್ನ ಅಭಿಪ್ರಾಯ.

ಕಾಳು ಹೊಲದ್ದಾಯಿತು, ಮೀನು? ಮಲಪ್ರಭೆಯ ದಂಡೆಯವರಿಗೆ ಹೊಳೆಮೀನಿತ್ತು. ಆದರೆ ಬೇಸಿಗೆಯಲ್ಲಿ ಹೊಳೆಯೇ ಬತ್ತುತ್ತಿತ್ತು. ಕಡಲಿನದನ್ನು ತಂದುದು ಹತ್ತಿಯ ದಾರಿ. ಧಾರವಾಡ ಸೀಮೆಯ ಹತ್ತಿಯು ಶಿರಸಿಯ ಮೇಲಿಂದ ದೇವಿಮನೆ ಘಟ್ಟವಿಳಿದು ಕುಮಟೆಯ ಬಂದರಿಗೆ ಹೋಗಿ, ಅಲ್ಲಿಂದ ಹಡಗೇರಿ ಮುಂಬಯಿಯ ಪೇಟೆಯಲ್ಲಿ ‘ಕುಮಟಾ ಹತ್ತಿ’ಯೆಂದೇ ಮಾರಾಟವಾಗುತ್ತಿತ್ತು (ಬೆಳೆದವನ ಊರಿನ ಹೆಸರು ಅಳಿಸಿಹೋಗುವುದು ವ್ಯಾಪಾರದ ಹಳೆಯ ಚಾಳಿ). 1861ರಿಂದ 1865ರವರೆಗೆ ಅಮೇರಿಕದಲ್ಲಿ ನಡೆದ ಅಂತಃಕಲಹದಿಂದ ಆ ದೇಶದ ಹತ್ತಿಯು ನಿಂತು ಇಲ್ಲಿಯದಕ್ಕೆ ಬೆಲೆಯೇರಿದಾಗ ಆ ದಾರಿಯಲ್ಲಿ ಸಂಚಾರವು ಮತ್ತಷ್ಟು ಹೆಚ್ಚಿತು. ಬರಿದಾದ ಬಂಡಿಯನ್ನು ಯಾವ ಒಕ್ಕಲಿಗನೂ ಸುಮ್ಮನೆ ಮರಳಿಸನು: ಸಾಣಿಕಟ್ಟೆಯ ಉಪ್ಪು, ತೆಂಗಿನಕಾಯಿ, ಒಣಗಿದ ಬಂಗಡೆ, ಸೀಗಡಿ ಘಟ್ಟವನ್ನೇರಿ ಬಯಲಿನ ಸಂತೆಗಳಿಗೆ ಬಂದವು. 1880ರ ದಶಕದಲ್ಲಿ ಗದಗ–ಹೊಟಗಿ ರೈಲು ಇದೇ ಸೀಮೆಯ ಹೊಳೆಆಲೂರಿನ ಮೇಲೆ ಹಾಯ್ದ ತರುವಾಯ ಹತ್ತಿಯು ಹಳಿಯನ್ನು ಹಿಡಿಯಿತು, ಕುಮಟೆಯು ಕಳೆಗುಂದಿತು. ಒಣಮೀನು ಮಾತ್ರ ಸಂತೆಯನ್ನು ಬಿಡಲಿಲ್ಲ. ಮಠಗಳ ಪ್ರಭಾವವು ಬಲವಾಗಿರುವ ಈ ಸೀಮೆಯಲ್ಲಿ ಅದು ಎಲ್ಲರ ಮನೆಯ ಆಹಾರವಲ್ಲವೆಂಬುದನ್ನೂ ಹೇಳಬೇಕು.

ಕಾಳು, ಒಣಮೀನುಗಳ ಈ ಅಡುಗೆಯು ಸುಲಭವಾದರೂ ಅನುಕ್ರಮವು ತಪ್ಪಬಾರದು. ರಾತ್ರಿ ನೆನೆಯಿಟ್ಟ ಮಡಿಕೆಕಾಳನ್ನೋ ಅಲಸಂದಿಯನ್ನೋ ಉಳ್ಳಾಗಡ್ಡಿ, ಬೆಳ್ಳುಳ್ಳಿಗಳೊಡನೆ ಬೇಯಲಿಟ್ಟು, ಇತ್ತ ಒಣಮೀನಿನ ತಲೆಬಾಲಗಳನ್ನು ಮುರಿದು, ಹಂಚಿನ ಮೇಲೆ ಬೆಚ್ಚಗೆ ಹುರಿದು, ಬಿಸಿನೀರಿನಲ್ಲಿ ಮರಳೂ ಹೆಚ್ಚಿನ ಉಪ್ಪೂ ಹೋಗುವಂತೆ ತೊಳೆಯಬೇಕು. ಕಾಳು ಬೆರಳಿನಿಂದ ಹಿಸುಕುವಷ್ಟು ಮೆತ್ತಗಾದ ಮೇಲೆಯೇ ಹುಣಿಸೆಯ ರಸ. ಮೊದಲೇ ಸುರಿದರೆ ಹುಳಿಯಿಂದ ಕಾಳು ಬಿರುಸಾಗಿ ಎಷ್ಟು ಉರಿ ಹಾಕಿದರೂ ಬೇಯದು, ಉರುವಲೂ ವ್ಯರ್ಥ. ಆಮೇಲೆ ಮೀನು, ಖಾರದಪುಡಿ. ಉಪ್ಪನ್ನು ರುಚಿ ನೋಡಿಯೇ ಹಾಕತಕ್ಕದ್ದು, ಏಕೆಂದರೆ ಮೀನು ತನ್ನ ಉಪ್ಪನ್ನು ತಾನೇ ತಂದಿರುತ್ತದೆ. ಕುದಿಯುವಾಗ ಏಳುವ ವಾಸನೆಯನ್ನು ಕುರಿತು ನೆರೆಹೊರೆಯಲ್ಲಿ ಒಮ್ಮತವಿರುವುದು ಅಸಂಭವ. ಜೋಳದ ರೊಟ್ಟಿಗೆ ಇದಕ್ಕಿಂತ ಒಗ್ಗುವ ಗಟ್ಟಿಸಾರು ಬೇರೆಯಿಲ್ಲ.

ಕೋಟೆಯ ಕಲ್ಲುಗಳನ್ನು ಅಳೆದವರೂ ಶಾಸನಗಳನ್ನು ಓದಿದವರೂ ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಈ ಮೂರು ಊರುಗಳ ಶಾಲಾಮಾಸ್ತರರು, ತಮ್ಮ ಓಣಿಯ ವೃದ್ಧೆಯರು ಯಾವ ಕಾಳಿಗೆ ಯಾವ ಮೀನನ್ನು ಕೂಡಿಸುತ್ತಿದ್ದರು, ಅದನ್ನು ಯಾವ ಸಂತೆಯಿಂದ ತರುತ್ತಿದ್ದರು ಎಂಬುದನ್ನೂ ಕೇಳಿ ಬರೆದಿಡಬೇಕೆಂದು ನನ್ನ ಬಿನ್ನಹ.