ರಿಯೋ ನಗರದ ನೆಟ್ಟ ಕಾಡು

ಬ್ರೆಜಿಲ್ ದೇಶಕ್ಕೆ ಆ ಹೆಸರು ಬಂದದ್ದು ಒಂದು ಮರದಿಂದ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಕೆಂಪು ಬಣ್ಣ ತೆಗೆಯಲು ಬಳಸುತ್ತಿದ್ದ ಆ ಮರದ ದಿಮ್ಮಿಗಳನ್ನು ಪೋರ್ಚುಗೀಸರು 16ನೆಯ ಶತಮಾನದಲ್ಲಿ ಹಡಗುಗಟ್ಟಲೆ ಯುರೋಪಿಗೆ ಸಾಗಿಸಿದರು. ದೇಶಕ್ಕೆ ಹೆಸರು ಕೊಟ್ಟ ಮರವೇ ಇಂದು ಅಳಿವಿನ ಅಂಚಿನಲ್ಲಿದೆ. ಅದು ಬೆಳೆಯುತ್ತಿದ್ದ ಅಟ್ಲಾಂಟಿಕ್ ಕರಾವಳಿಯ ಕಾಡಿನಲ್ಲಿ ಈಗ ಉಳಿದಿರುವುದು ಸುಮಾರು ಎಂಟರಲ್ಲಿ ಒಂದು ಪಾಲು ಮಾತ್ರ.

ಅಮೆಜಾನ್ ಕಾಡಿನ ನಾಶದ ಸುದ್ದಿಯನ್ನು ನಾವೆಲ್ಲ ಆಗಾಗ ಓದುತ್ತೇವೆ. ಆದರೆ ಅದೇ ದೇಶದಲ್ಲಿ, ಪರಿಸರ ಎಂಬ ಮಾತು ಯಾರ ಬಾಯಲ್ಲೂ ಇಲ್ಲದ ಕಾಲದಲ್ಲಿ, ಬೋಳಾದ ಬೆಟ್ಟಗಳ ಮೇಲೆ ಸರ್ಕಾರವೇ ಮುಂದೆ ನಿಂತು ಕಾಡು ಬೆಳೆಸಿತು. ರಿಯೋ ಡಿ ಜನೈರೋ ನಗರದ ನಡುವೆ ಇರುವ ಟಿಜೂಕಾ ಕಾಡಿನ ಕತೆ ಅದು.

ಕತೆ ಶುರುವಾಗುವುದು ಕಾಫಿಯಿಂದ. 18ನೆಯ ಶತಮಾನದ ಕೊನೆಯ ಭಾಗದಲ್ಲಿ ರಿಯೋ ಸುತ್ತಲಿನ ಬೆಟ್ಟಗಳಿಗೆ ಕಾಫಿ ಹತ್ತಿತು. ಕೊಡಗು, ಚಿಕ್ಕಮಗಳೂರುಗಳಲ್ಲಿ ಮರದ ನೆರಳಿನಲ್ಲಿ ಬೆಳೆಯುವ ಕಾಫಿಯನ್ನು ಕಂಡ ನಮಗೆ ಅಲ್ಲಿನ ಪದ್ಧತಿ ವಿಚಿತ್ರವೆನಿಸೀತು. ಅಲ್ಲಿ ಕಾಡನ್ನು ಕಡಿದು ಸುಟ್ಟು, ಬಿಸಿಲು ಬಡಿಯುವ ಇಳಿಜಾರಿನಲ್ಲಿ ಸಾಲು ಸಾಲಾಗಿ ಗಿಡ ನೆಟ್ಟರು. ಉಳಿದ ಮರಗಳು ನಗರದ ಸೌದೆಗೂ ಇದ್ದಿಲಿಗೂ ಹೋದವು. ಮಳೆಗೆ ಮಣ್ಣು ಕೊಚ್ಚಿಹೋಗಿ ಕೆಲವೇ ದಶಕಗಳಲ್ಲಿ ತೋಟಗಳು ಬರಡಾದವು. ದೊಡ್ಡ ಬೆಳೆಗಾರರು ಪರೈಬಾ ನದಿಯ ಕಣಿವೆಯಲ್ಲಿ ಹೊಸ ಕಾಡು ಹುಡುಕಿಕೊಂಡು ಹೊರಟರು. ಬೋಳು ಬೆಟ್ಟ ನಗರದ ಪಾಲಿಗೆ ಉಳಿಯಿತು.

ಈ ಬೆಟ್ಟಗಳೇ ರಿಯೋ ನಗರಕ್ಕೆ ನೀರು ಕೊಡುತ್ತಿದ್ದವು. ಕರಿಯೋಕಾ ಎಂಬ ಹೊಳೆಯ ನೀರನ್ನು ನಗರಕ್ಕೆ ತರಲು 1750ರಲ್ಲಿ ಕಟ್ಟಿ ಮುಗಿಸಿದ ಎತ್ತರದ ಕಮಾನು ಕಾಲುವೆ ಇಂದಿಗೂ ನಿಂತಿದೆ. ಈಗ ಅದರ ಮೇಲೆ ಟ್ರಾಂ ಗಾಡಿ ಓಡುತ್ತದೆ. 1808ರಲ್ಲಿ ಪೋರ್ಚುಗಲ್ಲಿನ ರಾಜಪರಿವಾರವೇ ರಿಯೋಗೆ ಬಂದು ನೆಲೆಸಿದ ಮೇಲೆ ಜನಸಂಖ್ಯೆ ಏರಿತು. ಇತ್ತ ಮರ ಹೋದಂತೆ ಒರತೆಗಳು ಬತ್ತುತ್ತ ಬಂದವು. 1843-44ರ ಬರಗಾಲದಲ್ಲಿ ನೀರಿನ ಬವಣೆ ಮಿತಿಮೀರಿದಾಗ, ಕಾಡು ಉಳಿಯದೆ ನೀರು ಉಳಿಯದು ಎಂಬುದು ಸರ್ಕಾರಕ್ಕೆ ಮನವರಿಕೆಯಾಯಿತು. ಮುಂದೆ ಒರತೆಗಳ ಸುತ್ತಲಿನ ಜಮೀನುಗಳನ್ನು ಮಾಲೀಕರಿಂದ ಬಿಡಿಸಿಕೊಳ್ಳಲಾಯಿತು.

ಚಕ್ರವರ್ತಿ ಎರಡನೆಯ ಪೆಡ್ರೋನ ಆಡಳಿತದಲ್ಲಿ, 1861ರ ಡಿಸೆಂಬರಿನಲ್ಲಿ, ಗಿಡ ನೆಡಲು ಆಜ್ಞೆ ಹೊರಟಿತು. ಟಿಜೂಕಾದ ಹೊಣೆ ಮೇಜರ್ ಮಾನುವೆಲ್ ಗೋಮೆಸ್ ಆರ್ಚರ್ ಎಂಬಾತನ ಮೇಲೆ ಬಿತ್ತು. ಆತ ಅಕ್ಕಪಕ್ಕದಲ್ಲಿ ಉಳಿದಿದ್ದ ಕಾಡಿನಿಂದಲೂ ತನ್ನ ಸ್ವಂತ ಜಮೀನಿನಿಂದಲೂ ಸಸಿಗಳನ್ನು ತರಿಸಿದ. ಬಹುಮಟ್ಟಿಗೆ ಆ ನೆಲದ ಮರಗಳನ್ನೇ ಆರಿಸಿಕೊಂಡು, ಸುಮಾರು 13 ವರ್ಷಗಳಲ್ಲಿ 60,000ಕ್ಕೂ ಹೆಚ್ಚು ಮರಗಳನ್ನು ಬೆಳೆಸಿದ. ಅವನ ತರುವಾಯ ಬಂದ ಬ್ಯಾರನ್ ಡೆಸ್ಕ್ರಾನ್ಯೋಲ್ 1888ರವರೆಗೆ ಆ ಕೆಲಸವನ್ನು ಮುಂದುವರಿಸಿದ; ಜತೆಗೆ ದಾರಿ, ಕಾರಂಜಿ, ನೋಟದ ಕಟ್ಟೆಗಳನ್ನೂ ಮಾಡಿಸಿದ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಗುಂಡಿ ತೋಡಿ ಗಿಡ ನೆಟ್ಟವರು ಮೇಜರನೂ ಅಲ್ಲ, ಬ್ಯಾರನನೂ ಅಲ್ಲ. ಮೊದಲಿಗೆ ಆರ್ಚರನಿಗೆ ಸಿಕ್ಕ ಆಳುಗಳು ಆರು ಮಂದಿ ಗುಲಾಮರು: ಎಲ್ಯುತೇರಿಯೋ, ಕಾನ್‌ಸ್ಟಾಂಟಿನೋ, ಮಾನುವೆಲ್, ಮಾತೆಯುಸ್, ಲಿಯೋಪೋಲ್ಡೋ ಮತ್ತು ಮರಿಯಾ ಎಂಬ ಹೆಂಗಸು. ಕಾಫಿಗಾಗಿ ಕಾಡು ಕಡಿದದ್ದೂ ಗುಲಾಮರ ಕೈಗಳಿಂದಲೇ, ಅದನ್ನು ಮತ್ತೆ ನೆಟ್ಟದ್ದೂ ಗುಲಾಮರ ಕೈಗಳಿಂದಲೇ. ಕಡಿದಾಗ ಲಾಭ ಬೇರೆಯವರದಾಯಿತು. ನೆಟ್ಟಾಗ ಹೆಸರು ಬೇರೆಯವರದಾಯಿತು. ಬ್ರೆಜಿಲ್ಲಿನಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1888ರಲ್ಲಿ. ಅಷ್ಟರಲ್ಲಿ ಅವರು ನೆಟ್ಟ ಮೊದಲ ಗಿಡಗಳಿಗೆ ಕಾಲು ಶತಮಾನ ತುಂಬಿತ್ತು.

ನೆಟ್ಟದ್ದರ ಜತೆಗೆ ತಾನಾಗಿ ಚಿಗುರಿದ್ದೂ ಬಹಳ. ದನ, ಕೊಡಲಿ, ಬೆಂಕಿ ಮೂರನ್ನೂ ದೂರವಿಟ್ಟರೆ ಮಳೆನಾಡಿನ ನೆಲ ಸುಮ್ಮನಿರುವುದಿಲ್ಲ. 1961ರಲ್ಲಿ ಈ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಈಗ ಅದರ ವಿಸ್ತಾರ ಸುಮಾರು 39 ಚದರ ಕಿಲೋಮೀಟರು. ಚಿತ್ರಗಳಲ್ಲಿ ನಾವು ನೋಡುವ ಕೈಚಾಚಿದ ಕ್ರಿಸ್ತನ ದೊಡ್ಡ ಪ್ರತಿಮೆ ನಿಂತಿರುವುದು ಈ ಉದ್ಯಾನದೊಳಗಿನ ಬೆಟ್ಟದ ಮೇಲೆಯೇ.

ಹಾಗೆಂದು ಹೋದದ್ದೆಲ್ಲ ಮರಳಿ ಬಂತೆ? ಇಲ್ಲ. ಇದಕ್ಕೆ ನಮ್ಮ ಹಲಸೇ ಸಾಕ್ಷಿ! ಪೋರ್ಚುಗೀಸರು ನಮ್ಮ ಕಡೆಯಿಂದ ಒಯ್ದ ಹಲಸು ಟಿಜೂಕಾದಲ್ಲಿ ಎಷ್ಟು ಹುಲುಸಾಗಿ ಬೆಳೆಯಿತೆಂದರೆ, ಅಲ್ಲಿನ ಮರಗಳ ಸಸಿಗಳಿಗೆ ಜಾಗ ಬಿಡದಾಯಿತು. ನಮ್ಮ ಹಿತ್ತಿಲ ಕಲ್ಪವೃಕ್ಷ ಅಲ್ಲಿ ಅರಣ್ಯಾಧಿಕಾರಿಗಳಿಗೆ ತಲೆನೋವು! ಇನ್ನೊಂದು ಕೊರತೆ ಪ್ರಾಣಿಗಳದು. ಬೀಜಗಳನ್ನು ಹೊತ್ತು ಹರಡುವ ಜೀವಿಗಳು ಕಣ್ಮರೆಯಾದ ಮೇಲೆ ಮರಗಳಿದ್ದರೂ ಕಾಡಿನ ಸಂಸಾರ ಸಾಗದು. ಆದ್ದರಿಂದ 2010ರಲ್ಲಿ ಅಗೂಟಿ ಎಂಬ ದಂಶಕಗಳನ್ನೂ, 2015ರಲ್ಲಿ ಕೂಗುಮಂಗಗಳನ್ನೂ ತಂದು ಬಿಡಲಾಯಿತು. ಅಗೂಟಿ ಬೀಜಗಳನ್ನು ಅಲ್ಲಲ್ಲಿ ಹೂತಿಟ್ಟು ಕೆಲವನ್ನು ಅಲ್ಲೇ ಬಿಟ್ಟುಬಿಡುತ್ತದೆ. ಹಾಗೆ ಉಳಿದದ್ದೇ ಮುಂದೆ ಮರವಾಗುತ್ತದೆ.

'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎನ್ನುತ್ತಾರೆ ನಮ್ಮ ಹಿರಿಯರು. ಟಿಜೂಕಾವನ್ನು ಬೋಳಿಸಲು ಕೆಲವು ದಶಕಗಳು ಸಾಕಾದವು. ಕಟ್ಟುವ ಕೆಲಸ 160 ವರ್ಷ ದಾಟಿದರೂ ಇನ್ನೂ ಮುಗಿದಿಲ್ಲ. ಕಳೆದದ್ದನ್ನು ಮತ್ತೆ ಬೆಳೆಸಬಹುದು ಎಂಬುದು ಈ ಕತೆಯ ಸಮಾಧಾನ. ಇದ್ದದ್ದನ್ನು ಉಳಿಸಿಕೊಳ್ಳುವುದು ಅದಕ್ಕಿಂತ ಎಷ್ಟೋ ಅಗ್ಗ ಎಂಬುದು ಇದರ ಎಚ್ಚರಿಕೆ. ನಮ್ಮ ಮಕ್ಕಳು ಶಾಲೆಯ ಪ್ರಬಂಧಕ್ಕೆ ವಿಷಯ ಕೇಳಿದರೆ ಅಮೆಜಾನಿನ ಜತೆಗೆ ಟಿಜೂಕಾವನ್ನೂ ತಿಳಿಸಿರಿ. ಹೇಳುವಾಗ ಆ ಆರು ಹೆಸರುಗಳನ್ನು ಬಿಡಬೇಡಿ.